‘ಸ್ವಲ್ಪ ಕಷ್ಟ’ ಎಂದರೆ ಎಷ್ಟು ಕಷ್ಟ?

ಪದವಿ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು ನಾನು. ಆ ಅವಧಿಯಲ್ಲಿ ಕೆಂಪು ಶಾಯಿಯಿಂದ ಅತಿ ಹೆಚ್ಚು ಸಲ ಸುತ್ತುಹಾಕಿದ ಪದ ಯಾವುದೆಂದು ಯಾರಾದರೂ ಕೇಳಿದರೆ ಯೋಚಿಸದೆ ಹೇಳಬಲ್ಲೆ: ‘ಹಾರ್ಡ್ಲಿ’. ಒಮ್ಮೆ ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಕೆಲಸಕ್ಕೆ ಬರೆದ ಅರ್ಜಿಯನ್ನು ತಿದ್ದಿಸಿಕೊಳ್ಳಲು ತಂದಿದ್ದ. ಮೂರು ವರ್ಷ ಶ್ರಮಪಟ್ಟು ಓದಿದ್ದೇನೆ ಎಂಬುದು ಅವನ ಇಂಗಿತ. ಕಾಗದದ ಮೇಲಿದ್ದುದು ‘ಐ ಹ್ಯಾವ್ ಹಾರ್ಡ್ಲಿ ವರ್ಕ್ಡ್ ಫಾರ್ ತ್ರೀ ಇಯರ್ಸ್’. ಅಂದರೆ, ಮೂರು ವರ್ಷದಿಂದ ನಾನು ಕೆಲಸ ಮಾಡಿದ್ದು ಇಲ್ಲವೆನ್ನುವಷ್ಟೇ ಕಡಿಮೆ! ಅದಕ್ಕಿಂತ ಪ್ರಾಮಾಣಿಕವಾದ ಅರ್ಜಿಯನ್ನು ನಾನು ಕಂಡಿಲ್ಲ ಎಂದು ನಕ್ಕುಬಿಟ್ಟೆ. ಹುಡುಗ ಪೆಚ್ಚಾದ.

ಅವನ ತರ್ಕದಲ್ಲಿ ದೋಷವೇನೂ ಇರಲಿಲ್ಲ. ‘ಸ್ಲೋ’ ಎಂಬುದಕ್ಕೆ ‘ಲಿ’ ಸೇರಿದರೆ ‘ಸ್ಲೋಲಿ’, ‘ಕ್ವಿಕ್’ಗೆ ಸೇರಿದರೆ ‘ಕ್ವಿಕ್ಲಿ’. ಹಾಗಾದರೆ ‘ಹಾರ್ಡ್’ ಮಾಡಿದ ಪಾಪವೇನು? ಪಾಪವೇನೂ ಇಲ್ಲ, ಕಾಲದ ಮಹಿಮೆಯಷ್ಟೆ. 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ, ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿ, ಧನಿಕನ ಸ್ವರ್ಗಪ್ರವೇಶದ ಮಾತು ಬರುವಲ್ಲಿ ಇದೇ ‘ಹಾರ್ಡ್ಲಿ’ ಇದೆ. ಅಲ್ಲಿ ಅದರ ಅರ್ಥ ‘ಪ್ರಯಾಸದಿಂದ’ ಎಂದು. ಪ್ರಯಾಸದಿಂದ ಆಗುವ ಕೆಲಸ ಎಷ್ಟೋ ಸಲ ಆಗಿಯೂ ಆಗದಂತಿರುತ್ತದೆ. ಹಾಗಾಗಿ ಪದ ಮೆಲ್ಲಮೆಲ್ಲನೆ ‘ಆಗಲಿ’ಯ ದಡದಿಂದ ‘ಇಲ್ಲ’ದ ದಡಕ್ಕೆ ಜಾರಿತು. ಇಂದು ಅದು ಅರ್ಧ ನಿಷೇಧಾರ್ಥಕ. ‘ಅವರು ನಡೆಯುವುದೇ ಕಷ್ಟ’ ಎಂಬುದಕ್ಕೆ ‘ಹೀ ಕ್ಯಾನ್ ಹಾರ್ಡ್ಲಿ ವಾಕ್’ ಎಂದರೆ ಸಾಕು, ‘ಕೆನಾಟ್’ ಸೇರಿಸಿದರೆ ಎರಡು ನಿಷೇಧ ಒಂದೇ ಕಡೆ ಕೂತಂತೆ.

ಇನ್ನೊಂದು ವಿಚಿತ್ರವಿದೆ. ‘ಈಸಿ’ಗೆ ‘ಈಸಿಲಿ’ ಇರುವಂತೆ ‘ಡಿಫಿಕಲ್ಟ್’ಗೆ ನಿತ್ಯಬಳಕೆಯ ಕ್ರಿಯಾವಿಶೇಷಣವೇ ಇಲ್ಲ. ‘ಡಿಫಿಕಲ್ಟ್ಲಿ’ ಎಂಬ ರೂಪ ನಿಘಂಟಿನಲ್ಲಿದೆ, ನೀರಿನಲ್ಲಿ ಸುಲಭವಾಗಿ ಕರಗದ ವಸ್ತುಗಳ ವಿಷಯದಲ್ಲಿ ರಸಾಯನಶಾಸ್ತ್ರಜ್ಞರು ಬಳಸಿದ್ದೂ ಉಂಟು. ಆದರೆ ಮಾತಿನಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ‘ವಿತ್ ಡಿಫಿಕಲ್ಟಿ’ ಎಂದು ಸುತ್ತಿ ಬಳಸಿ ಹೇಳಬೇಕು. ಅದಕ್ಕೆ ‘ಸಮ್’ ಸೇರಿದರೆ ಒಂದು ತೂಕ, ‘ಗ್ರೇಟ್’ ಸೇರಿದರೆ ಇನ್ನೊಂದು ತೂಕ. ಮುಂದೆ ‘ಬೇರ್ಲಿ’, ‘ಸ್ಕೇರ್ಸ್ಲಿ’ಗಳ ಇಳಿಜಾರು. ‘ಬೇರ್ಲಿ ಎಸ್ಕೇಪ್ಡ್’ ಎಂದರೆ ಕೂದಲೆಳೆಯಲ್ಲಾದರೂ ಪಾರಾದ. ‘ನಿಯರ್ಲಿ ಎಸ್ಕೇಪ್ಡ್’ ಎಂದರೆ ಸಿಕ್ಕಿಬಿದ್ದ. ಎರಡಕ್ಕೂ ನಡುವೆ ಇರುವುದು ಒಂದು ಪದವಷ್ಟೆ, ಆದರೆ ಒಬ್ಬ ಮನೆಯಲ್ಲಿದ್ದಾನೆ, ಇನ್ನೊಬ್ಬ ಜೈಲಿನಲ್ಲಿ.

‘ಟೂ’ ಎಂಬ ಪುಟ್ಟ ಪದವಂತೂ ನಮ್ಮವರನ್ನು ಸದಾ ಕಾಡಿದೆ. ನಾವು ‘ತುಂಬಾ’ ಎಂಬಲ್ಲೆಲ್ಲ ಅದನ್ನು ಹಾಕುತ್ತೇವೆ. ‘ಪೇಪರ್ ವಾಸ್ ಟೂ ಡಿಫಿಕಲ್ಟ್’ ಎಂದ ವಿದ್ಯಾರ್ಥಿ ಎಪ್ಪತ್ತು ಅಂಕ ತೆಗೆದಿರುತ್ತಾನೆ. ಇಂಗ್ಲಿಷಿನವನ ಕಿವಿಗೆ ಆ ‘ಟೂ’ ಮಿತಿ ಮೀರಿದ್ದನ್ನು ಸೂಚಿಸುತ್ತದೆ: ಬಿಡಿಸಲಾಗದಷ್ಟು ಕಷ್ಟ.

ಹಾಗೆಂದು ಕನ್ನಡವೇನೂ ಈ ವಿಷಯದಲ್ಲಿ ಬಡವಾದುದಲ್ಲ. ‘ಕಷ್ಟಪಟ್ಟು ಓದಿದ’ ಎಂದರೆ ಶ್ರದ್ಧೆ, ‘ಕಷ್ಟದಿಂದ ಓದಿದ’ ಎಂದರೆ ತೊಡಕು. ‘ಅಂತೂ ಇಂತೂ ಪಾಸಾದ’ ಎಂಬುದರಲ್ಲಿ ‘ಬೇರ್ಲಿ’ಯ ಸಕಲ ಗುಣಗಳೂ ಇವೆ, ಮೇಲಾಗಿ ಒಂದು ನಿಟ್ಟುಸಿರೂ ಇದೆ. ಎಲ್ಲಕ್ಕಿಂತ ನನಗೆ ಬೆರಗು ಹುಟ್ಟಿಸುವುದು ನಮ್ಮ ‘ಏ’ಕಾರ. ‘ಬರುವುದು ಕಷ್ಟ’, ‘ಬರುವುದೇ ಕಷ್ಟ’. ಇಂಗ್ಲಿಷ್ ಒಂದು ಇಡೀ ಪದ ಇಟ್ಟು ಮಾಡುವ ಕೆಲಸವನ್ನು ನಾವು ಒಂದು ಸ್ವರದಲ್ಲಿ ಮುಗಿಸುತ್ತೇವೆ. ತೊಂದರೆಯೆಂದರೆ, ಈ ಪ್ರಮಾಣಗಳು ಪದಗಳಲ್ಲಿ ಮಾತ್ರ ಇರುವುದಿಲ್ಲ. ಆಡುವವರ, ಕೇಳುವವರ ರೂಢಿಯಲ್ಲಿರುತ್ತವೆ. ಸರ್ಕಾರಿ ಕಚೇರಿಯ ಗುಮಾಸ್ತರು ‘ಸ್ವಲ್ಪ ಕಷ್ಟ ಆಗುತ್ತೆ ಸಾರ್’ ಎಂದರೆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ಆ ‘ಸ್ವಲ್ಪ’ ಕಷ್ಟದ ಅಳತೆಯಲ್ಲ, ಮುಖ ಮುರಿಯಬಾರದೆಂಬ ದಾಕ್ಷಿಣ್ಯದ ಅಳತೆ.

ಬ್ರಿಟಿಷರಲ್ಲೂ ಈ ಗುಣ ಉಂಟು. 1951ರ ಏಪ್ರಿಲ್‌ನಲ್ಲಿ, ಕೊರಿಯಾ ಯುದ್ಧದ ಕಾಲಕ್ಕೆ, ಇಮ್ಜಿನ್ ನದಿಯ ದಂಡೆಯಲ್ಲಿ ಚೀನೀ ಸೇನೆ ಬ್ರಿಟಿಷ್ ತುಕಡಿಗಳ ಮೇಲೆ ಮುಗಿಬಿತ್ತು. ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಒಂದನೆಯ ಬೆಟಾಲಿಯನ್ ಸುತ್ತುವರಿಯಲ್ಪಟ್ಟಿತ್ತು. ಬ್ರಿಗೇಡಿಯರ್ ಟಾಮ್ ಬ್ರೋಡಿ ತಮ್ಮ ಮೇಲಿನ ಅಮೆರಿಕನ್ ಸೇನಾಧಿಕಾರಿಗೆ, ಪರಿಸ್ಥಿತಿ ಕೊಂಚ ಇಕ್ಕಟ್ಟಾಗಿದೆ ಎಂಬರ್ಥದ ಮಾತಾಡಿದರೆಂದು ಪ್ರಸಿದ್ಧಿ. ಬ್ರಿಟಿಷ್ ಸೈನಿಕನ ಬಾಯಲ್ಲಿ ಅದು ಕೊರಳಿಗೆ ಬಂದ ಆಪತ್ತು. ಅಮೆರಿಕನ್ ಕಿವಿಗೆ ಮಾತ್ರ, ತುಸು ತ್ರಾಸವಿದೆ, ನಿಭಾಯಿಸುತ್ತಿದ್ದಾರೆ ಎಂದು ಕೇಳಿಸಿತಂತೆ. ಬೆಟಾಲಿಯನ್ನಿನ ಬಹುಪಾಲು ಜನ ಸತ್ತರು ಅಥವಾ ಸೆರೆಯಾದರು. ಸೋಲಿಗೆ ಆ ಒಂದು ಮಾತೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೂ ಒಂದೇ ಭಾಷೆಯ ಇಬ್ಬರ ನಡುವೆ ನಡೆದ ಸಂಗತಿಯಿದು. ತರಗತಿಯಲ್ಲಿ ಈ ಪ್ರಸಂಗವನ್ನು ನಾನು ಎಷ್ಟೋ ಸಲ ರಂಜಕವಾಗಿ ಹೇಳಿದ್ದೆ. 2009ರ ನಂತರ ಹೇಳಲಿಲ್ಲ.

ಆ ವರ್ಷದ ಆಗಸ್ಟ್‌ನಲ್ಲಿ ದೊಡ್ಡಪ್ಪ ಮೈಸೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿದ್ದರು. ಎಂಬತ್ತೊಂದರ ವಯಸ್ಸು, ಮೂತ್ರಪಿಂಡ ಕೈಕೊಟ್ಟಿತ್ತು. ಒಬ್ಬನೇ ಮಗ ಮಿಶಿಗನ್‌ನಲ್ಲಿ. ಅಲ್ಲಿಗೆ ಹೋಗಿ ಇಪ್ಪತ್ತಾರು ವರ್ಷ. ನನಗಿಂತ ಎರಡು ವರ್ಷ ದೊಡ್ಡವನು, ಒಂದೇ ಮನೆಯಲ್ಲಿ ಬೆಳೆದವರು ನಾವು. ಸಂಜೆ ವೈದ್ಯರು ಹೊರಬಂದು, ನನ್ನ ಭುಜದ ಮೇಲೆ ಕೈಯಿಟ್ಟು, ‘ಸ್ವಲ್ಪ ಕಷ್ಟ ಇದೆ ಮೇಷ್ಟ್ರೇ’ ಎಂದರು. ಬೆಂಚಿನ ಮೇಲಿದ್ದ ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಲ್ಲಿದ್ದ ಯಾರಿಗೂ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದು ಅಣ್ಣನಿಗೆ ಮಿಂಚಂಚೆ ಬರೆದೆ. ಫೋನು ಮಾಡಬಹುದಿತ್ತು, ಅವನ ದನಿ ಕೇಳುವ ಧೈರ್ಯ ನನಗಿರಲಿಲ್ಲ ಎಂಬುದೇ ನಿಜ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಅಭ್ಯಾಸ ಆಗ ಇಲ್ಲದ್ದರಿಂದ ಇಂಗ್ಲಿಷಿನಲ್ಲೇ ಬರೆದೆ. ವೈದ್ಯರ ಮಾತನ್ನು ಚಾಚೂ ತಪ್ಪದೆ ಅನುವಾದಿಸಿದೆ: ‘ಡಾಕ್ಟರ್ ಸೇಸ್ ಇಟ್ ಈಸ್ ಎ ಲಿಟಲ್ ಡಿಫಿಕಲ್ಟ್’. ವ್ಯಾಕರಣ ಶುದ್ಧವಾಗಿತ್ತು. ಅಣ್ಣ ಕೆಲಸ ಮಾಡುವ ಕಡೆ ಆ ಮಾತಿಗೆ, ವಾರದೊಳಗೆ ಬಗೆಹರಿಯುವ ತೊಡಕು ಎಂಬ ಬೆಲೆ. ಶನಿವಾರದ ವಿಮಾನಕ್ಕೆ ಟಿಕೆಟ್ ತೆಗೆದಿರುವುದಾಗಿ ಉತ್ತರ ಬರೆದ. ಅಂದು ಸೋಮವಾರ. ದೊಡ್ಡಪ್ಪ ಬುಧವಾರ ಬೆಳಗಿನ ಜಾವ ತೀರಿಕೊಂಡರು.

ಅಣ್ಣ ಬಂದಾಗ ದಹನವಾಗಿ ಎರಡು ದಿನ ಕಳೆದಿತ್ತು. ಅವನ ಬದಲು ಚಿತೆಗೆ ಬೆಂಕಿ ಕೊಟ್ಟವನು ನಾನು. ಕಾವೇರಿಗೆ ಅಸ್ಥಿ ಬಿಟ್ಟು ಶ್ರೀರಂಗಪಟ್ಟಣದ ಮೆಟ್ಟಿಲುಗಳ ಮೇಲೆ ಒದ್ದೆ ಪಂಚೆಯಲ್ಲಿ ಕುಳಿತಿದ್ದೆವು. ಬಹಳ ಹೊತ್ತಿನ ಮೇಲೆ ಕೇಳಿದ, ‘ಡಾಕ್ಟರು ಸರಿಯಾಗಿ ಏನಂದ್ರೋ?’

‘ಸ್ವಲ್ಪ ಕಷ್ಟ ಅಂದ್ರು.’

ಅವನು ನೀರನ್ನೇ ನೋಡುತ್ತಿದ್ದ. ‘ಹಾಗಂತಲೇ ಬರೀಬಾರ್ದಿತ್ತೇನೋ? ಆವತ್ತೇ ಹೊರಡ್ತಿದ್ದೆ.’