ಮನೆಯಿಂದ ತೋಟದ ಕಟ್ಟಡಕ್ಕೆ ನೆಟ್‌ವರ್ಕ್ ಕೇಬಲ್: ಆಯ್ಕೆಯೂ ಹೂಳುವ ಕ್ರಮವೂ

ಮಲೆನಾಡಿನ ಅಡಿಕೆ ತೋಟಗಳಲ್ಲಿ ವಾಸದ ಮನೆಯು ಒಂದು ಕಡೆಯೂ, ಪಂಪುಮನೆ, ಅಡಿಕೆಯ ಉಗ್ರಾಣ ಮೊದಲಾದ ಕಟ್ಟಡಗಳು ಮತ್ತೊಂದು ಕಡೆಯೂ ಇರುವುದು ಸಾಮಾನ್ಯ. ಈಗ್ಗೆ ಕೆಲವು ವರ್ಷಗಳಿಂದ ಮನೆಯ ಇಂಟರ್ನೆಟ್ ಸಂಪರ್ಕವನ್ನು ಈ ಕಟ್ಟಡಗಳಿಗೂ ಒಯ್ಯುವ ಅವಶ್ಯಕತೆಯು ತೋರಿಬಂದಿದೆ. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಕ್ಯಾಮರಾದಿಂದ ಕಾಯುವುದಕ್ಕೂ, ಪಂಪನ್ನು ಮನೆಯಲ್ಲಿಯೇ ಕುಳಿತು ನಡೆಯಿಸುವುದಕ್ಕೂ, ಉಗ್ರಾಣದ ಲೆಕ್ಕವನ್ನು ಅಲ್ಲಿಯೇ ಬರೆದಿಡುವುದಕ್ಕೂ ಇದು ಬೇಕಾಗುತ್ತದೆ. ಆದರೆ ಅಂಗಡಿಯಲ್ಲಿ ಮೊದಲು ಕೈಗೆ ಸಿಕ್ಕಿದ ಕೇಬಲ್ಲನ್ನು ತಂದು ಮರದಿಂದ ಮರಕ್ಕೆ ಕಟ್ಟಿಬಿಡುವ ರೂಢಿಯೂ ಇದರೊಡನೆ ಬೆಳೆದಿರುವುದು. ಇಂಥ ಕೇಬಲ್ಲು ಬಿಸಿಲಿಗೆ ಒಡೆದು, ಮಳೆಗೆ ನೆನೆದು, ಬೀಳುವ ಸೋಗೆಗಳ ಪೆಟ್ಟಿಗೆ ಹರಿದು ಬೇಗನೆ ಕೆಡುವುದು ಒಂದು ನಷ್ಟ. ಸಿಡಿಲಿನ ಕಾಲದಲ್ಲಿ ಅದೇ ತಂತಿಯ ಮೂಲಕ ಎರಡು ಕಡೆಯ ಸಲಕರಣೆಗಳೂ ಒಮ್ಮೆಗೇ ಸುಟ್ಟುಹೋಗುವುದು ಅದಕ್ಕಿಂತ ದೊಡ್ಡ ನಷ್ಟ. ಇವೆರಡನ್ನೂ ತಪ್ಪಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ದೂರವನ್ನು ಅಳೆಯುವುದು

ಕೇಬಲ್ಲನ್ನು ಕೊಳ್ಳುವುದಕ್ಕೆ ಮೊದಲು ದೂರವನ್ನು ಸರಿಯಾಗಿ ಅಳೆಯತಕ್ಕದ್ದು. ತಾಮ್ರದ ನೆಟ್‌ವರ್ಕ್ ಕೇಬಲ್ಲು ಒಂದು ಸಲಕರಣೆಯಿಂದ ಮತ್ತೊಂದಕ್ಕೆ 100 ಮೀಟರ್, ಎಂದರೆ ಸುಮಾರು 328 ಅಡಿಗಳವರೆಗೆ ಮಾತ್ರ ಕೆಲಸಮಾಡುವಂತೆ ಏರ್ಪಟ್ಟಿದೆ. ಕೋಣೆಗಳೊಳಗಿನ ತುಂಡು ಕೇಬಲ್ಲುಗಳೂ ಈ ಲೆಕ್ಕದಲ್ಲಿಯೇ ಸೇರುವುವು. ಅನೇಕರು ಕಣ್ಣಳತೆಯಿಂದ ನೇರವಾದ ದೂರವನ್ನು ಮಾತ್ರ ಎಣಿಸಿ ಮೋಸಹೋಗುವರು. ಮನೆಗೂ ಪಂಪುಮನೆಗೂ ನೇರವಾಗಿ 270 ಅಡಿ ಇದೆಯೆಂದು ಇಟ್ಟುಕೊಂಡರೆ, ಬಾವಿಯನ್ನೂ ಬಸಿಗಾಲುವೆಯನ್ನೂ ಬಳಸಿಕೊಂಡು ಹೋಗುವಾಗ ಅದು 310 ಅಡಿಯಾಗಬಹುದು. ಎರಡು ಕಡೆಯೂ ಗೋಡೆಯನ್ನೇರಿ ಒಳಕ್ಕೆ ಹೋಗುವುದಕ್ಕೆ 30 ಅಡಿ, ಮುಂದಿನ ದುರಸ್ತಿಗೆಂದು ಸುತ್ತಿಡುವುದಕ್ಕೆ 20 ಅಡಿ ಸೇರಿದರೆ ಒಟ್ಟು 360 ಅಡಿ, ಎಂದರೆ ಸುಮಾರು 110 ಮೀಟರ್ ಆಯಿತು. ಇಲ್ಲಿ ತಾಮ್ರದ ಕೇಬಲ್ಲು ಸಲ್ಲದು. ಆದುದರಿಂದ ಹಗ್ಗವನ್ನು ನೆಲದ ಮೇಲೆಯೇ, ಕೇಬಲ್ಲು ಹೋಗತಕ್ಕ ದಾರಿಯಲ್ಲಿಯೇ ಎಳೆದು ಅಳೆಯುವುದು ಕ್ಷೇಮ.

ತಾಮ್ರದ ಕೇಬಲ್ಲಿನ ಗುಣದೋಷಗಳು

ಈ ಕೇಬಲ್ಲಿನೊಳಗೆ ಎಂಟು ಸಣ್ಣ ತಂತಿಗಳಿದ್ದು, ಎರಡೆರಡು ಕೂಡಿ ನಾಲ್ಕು ಜೋಡಿಗಳಾಗಿ ಹೆಣೆದಿರುವುವು. ಹೀಗೆ ಹೆಣೆಯುವುದರಿಂದ ಪಕ್ಕದ ವಿದ್ಯುತ್ ತಂತಿಗಳ ಉಪದ್ರವವು ಜೋಡಿಯ ಎರಡು ತಂತಿಗಳಿಗೂ ಸಮನಾಗಿ ತಗಲಿ, ಒಂದರಿಂದೊಂದು ಕಳೆದುಹೋಗುತ್ತದೆ. ಟೆಲಿಫೋನನ್ನು ರೂಢಿಗೆ ತಂದ ಅಲೆಗ್ಜಾಂಡರ್ ಗ್ರಹಾಂ ಬೆಲ್ಲರು 1881ರಲ್ಲಿ ಈ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದರು. ಅದೇ ತತ್ತ್ವವು ಇಂದಿಗೂ ಉಪಯೋಗದಲ್ಲಿದೆ.

ಅಂಗಡಿಗಳಲ್ಲಿ ಕ್ಯಾಟ್ 5ಇ, ಕ್ಯಾಟ್ 6 ಎಂಬ ಹೆಸರಿನ ಜಾತಿಗಳು ದೊರೆಯುವುವು. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗವನ್ನು 100 ಮೀಟರಿನವರೆಗೆ ಎರಡೂ ಒಯ್ಯಬಲ್ಲವು. ತೋಟದ ಕೆಲಸಕ್ಕೆ ಇಷ್ಟು ವೇಗವು ಧಾರಾಳವಾಗಿ ಸಾಕು. ಜಾತಿಗಿಂತಲೂ ಹೆಚ್ಚಾಗಿ ಗಮನಿಸತಕ್ಕದ್ದು ತಂತಿಯ ಲೋಹವನ್ನು. ಅಗ್ಗದ ಬೆಲೆಗೆ ಮಾರುವ ಕೆಲವು ಕೇಬಲ್ಲುಗಳಲ್ಲಿ ತಂತಿಯು ಅಲ್ಯೂಮಿನಿಯಂ ಆಗಿದ್ದು, ಮೇಲೆ ಮಾತ್ರ ತೆಳುವಾಗಿ ತಾಮ್ರವನ್ನು ಹೊದಿಸಿರುವರು. ಪೆಟ್ಟಿಗೆಯ ಮೇಲೆ ಇದನ್ನು ಸಿ.ಸಿ.ಎ. ಎಂದು ಗುರುತಿಸುವುದುಂಟು, ಗುರುತಿಲ್ಲದೆ ಮಾರುವುದೂ ಉಂಟು. ಇದರಲ್ಲಿ ವಿದ್ಯುತ್ತಿಗೆ ಒದಗುವ ತಡೆಯು ಶುದ್ಧ ತಾಮ್ರದಲ್ಲಿರುವುದರ ಸುಮಾರು ಒಂದೂವರೆಯಷ್ಟು. ತಂತಿಯು ನಾಲ್ಕಾರು ಸಲ ಬಾಗಿಸಿದರೆ ತುಂಡಾಗುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದು ನೋಡಿದಾಗ ಒಳಗೆ ಬೆಳ್ಳಗೆ ಕಂಡರೆ ಅಂಥ ಕೇಬಲ್ಲನ್ನು ಕೊಳ್ಳಬಾರದು. ಹೂಳುವ ಕೆಲಸಕ್ಕೆ ನೂಲಿನಂತೆ ಸಣ್ಣ ಎಳೆಗಳನ್ನು ಕೂಡಿಸಿದ ತಂತಿಯೂ ಬೇಡ. ಒಂದೇ ಗಟ್ಟಿ ಎಳೆಯ ತಂತಿಯೇ ಉತ್ತಮ.

ತಾಮ್ರದ ಕೇಬಲ್ಲಿಗೆ ಒಂದು ವಿಶೇಷ ಅನುಕೂಲವಿದೆ. ಸುದ್ದಿಯೊಡನೆ ಅಲ್ಪ ವಿದ್ಯುತ್ತನ್ನೂ ಅದು ಒಯ್ಯುವುದರಿಂದ, ಬೇರೆ ಕರೆಂಟಿಲ್ಲದೆಯೇ ಕ್ಯಾಮರಾವು ನಡೆಯುತ್ತದೆ. ಈ ಪಿ.ಒ.ಇ. ಎಂಬ ಏರ್ಪಾಡಿನಲ್ಲಿ, 2003ರ ನಿಯಮದ ಪ್ರಕಾರ 15.4 ವ್ಯಾಟ್, 2009ರ ನಿಯಮದ ಪ್ರಕಾರ 30 ವ್ಯಾಟ್‌ಗಳವರೆಗೆ ಕೇಬಲ್ಲಿನೊಳಕ್ಕೆ ಬಿಡಬಹುದು.

ಹೊರಗಿನ ಹೊದಿಕೆ

ಕೋಣೆಯೊಳಗೆ ಉಪಯೋಗಿಸುವ ಕೇಬಲ್ಲಿನ ಮೇಲ್ಹೊದಿಕೆಯು ಸಾಮಾನ್ಯವಾಗಿ ಪಿ.ವಿ.ಸಿ.ಯದು. ಬಿಸಿಲಿನಲ್ಲಿ ಇದು ಬಣ್ಣಗೆಟ್ಟು, ಪೆಡಸಾಗಿ, ಬಿರಿದುಹೋಗುವುದು. ಬಿರುಕಿನೊಳಗೆ ನೀರು ಸೇರಿತೆಂದರೆ ತಂತಿಗಳು ಕಿಲುಬುಹಿಡಿದು ಸಂಪರ್ಕವು ಆಗಾಗ್ಗೆ ಕಡಿಯುವುದು. ಹೊರಾಂಗಣಕ್ಕಾಗಿ ಮಾಡಿದ ಕೇಬಲ್ಲಿಗೆ ಕಪ್ಪು ಪಾಲಿಥೀನ್ ಹೊದಿಕೆಯಿರುವುದು. ಆ ಕಪ್ಪು ಬಣ್ಣವು ಅಲಂಕಾರಕ್ಕಲ್ಲ. ಅದರಲ್ಲಿ ಬೆರಸಿದ ಇಂಗಾಲದ ಪುಡಿಯು ಬಿಸಿಲಿನ ತೀಕ್ಷ್ಣ ಕಿರಣಗಳನ್ನು ತಡೆಯುತ್ತದೆ. ನೆಲದಲ್ಲಿ ಹೂಳುವುದಕ್ಕೆ ಒಳಗೆ ಜಿಡ್ಡಿನಂಥ ಜೆಲ್ ತುಂಬಿದ ಕೇಬಲ್ಲು ಶ್ರೇಷ್ಠ. ಹೊದಿಕೆಗೆ ಗಾಯವಾದರೂ ನೀರು ಒಳಗೆ ಹರಿಯುವುದಿಲ್ಲ. ಪೈಪಿನೊಳಗೆ ಹಾಕುವುದರಿಂದ ಮನೆಯೊಳಗಿನ ಕೇಬಲ್ಲೇ ಸಾಕೆಂದು ತಿಳಿಯುವುದು ಸರಿಯಲ್ಲ. ನೆಲದೊಳಗಿನ ಪೈಪಿನಲ್ಲಿ, ಎಷ್ಟು ಜಾಗರೂಕತೆಯಿಂದ ಮುಚ್ಚಿದರೂ, ಮಳೆಗಾಲದಲ್ಲಿ ನೀರು ನಿಲ್ಲದೆ ಇರಲಾರದು.

ಸಿಡಿಲಿನ ಭಯ

ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಯಲ್ಲಿ ಪಂಪಿನ ಸ್ಟಾರ್ಟರುಗಳು ಸುಟ್ಟುಹೋಗುವುದು ತೋಟಗಾರರಿಗೆ ತಿಳಿದ ವಿಷಯವೇ. ನೆಟ್‌ವರ್ಕ್ ಕೇಬಲ್ಲಿಗೂ ಇದೇ ಅಪಾಯವಿದೆ. ಆದರೆ ಅದರ ಕಾರಣವು ಅನೇಕರಿಗೆ ತಿಳಿಯದು. ಸಿಡಿಲು ಕೇಬಲ್ಲಿನ ಮೇಲೆಯೇ ಬೀಳಬೇಕಾದುದಿಲ್ಲ. ಪಂಪುಮನೆಯ ಹತ್ತಿರದ ಮರವೊಂದಕ್ಕೆ ಹೊಡೆದರೂ ಆ ವಿದ್ಯುತ್ತು ನೆಲದೊಳಗೆ ಹರಡುವಾಗ, ಪಂಪುಮನೆಯ ಅರ್ಥಿಂಗಿಗೂ ಮನೆಯ ಅರ್ಥಿಂಗಿಗೂ ಸಾವಿರಾರು ವೋಲ್ಟುಗಳ ಅಂತರವು ಕ್ಷಣಮಾತ್ರದಲ್ಲಿ ಉಂಟಾಗುವುದು. ಎರಡನ್ನೂ ತಾಮ್ರದಿಂದ ಜೋಡಿಸಿದ್ದರೆ, ಆ ಅಂತರವನ್ನು ತುಂಬುವುದಕ್ಕೆ ತಂತಿಯೇ ದಾರಿಯಾಗುವುದು. ಕೇಬಲ್ಲನ್ನು ಎರಡಡಿ ಆಳದಲ್ಲಿ ಹೂಳಿದ್ದರೂ ಈ ಅಪಾಯವು ತಪ್ಪುವುದಿಲ್ಲ. ಸಿಡಿಲು ತಡೆಯುವ ಸಲಕರಣೆಗಳನ್ನು ಎರಡು ಕೊನೆಗಳಲ್ಲಿಯೂ ಇಟ್ಟು ಸರಿಯಾಗಿ ಅರ್ಥಿಂಗಿಗೆ ಜೋಡಿಸಿದರೆ ಅಪಾಯವು ಕಡಮೆಯಾಗುವುದು, ಪೂರ್ತಿಯಾಗಿ ಇಲ್ಲವಾಗದು.

ಮನೆಗೂ ಪಂಪ್‌ಸೆಟ್ಟಿಗೂ ಬೇರೆ ಬೇರೆ ಆರ್.ಆರ್. ನಂಬರುಗಳಿದ್ದರೆ, ಅವುಗಳ ಲೈನೂ ಅರ್ಥಿಂಗೂ ಬೇರೆಯೆಂದೇ ಭಾವಿಸತಕ್ಕದ್ದು. ಅಂಥ ಎರಡು ಕಟ್ಟಡಗಳನ್ನು ತಾಮ್ರದಿಂದ ಜೋಡಿಸುವುದು ಹಿತವಲ್ಲ.

ಗಾಜಿನ ಎಳೆಯ ಕೇಬಲ್ಲು

ಇದಕ್ಕೆ ತಕ್ಕ ಪರಿಹಾರವು ಆಪ್ಟಿಕಲ್ ಫೈಬರ್ ಕೇಬಲ್ಲು. ಇದರಲ್ಲಿ ಸುದ್ದಿಯನ್ನು ಒಯ್ಯುವುದು ವಿದ್ಯುತ್ತಲ್ಲ, ಬೆಳಕು. ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕು ಒಳಗೊಳಗೇ ಪ್ರತಿಫಲಿಸುತ್ತ ಮುಂದಕ್ಕೆ ಸಾಗುವುದು. ಗಾಜನ್ನು ಸಾಕಷ್ಟು ಶುದ್ಧಪಡಿಸಿದರೆ ಬಹುದೂರ ಬೆಳಕನ್ನು ಕಳುಹಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಕೇಂದ್ರ ಸರ್ಕಾರವು 2011ರಲ್ಲಿ ಮಂಜೂರುಮಾಡಿ, 2015ರಲ್ಲಿ ಭಾರತ್‌ನೆಟ್ ಎಂದು ಹೆಸರಿಟ್ಟ ಯೋಜನೆಯಲ್ಲಿ ಗ್ರಾಮ ಪಂಚಾಯತಿಗಳ ಕಡೆಗೆ ಎಳೆದಿರುವುದೂ ಇಂಥ ಕೇಬಲ್ಲನ್ನೇ.

ಗಾಜಿನಲ್ಲಿ ವಿದ್ಯುತ್ತು ಹರಿಯದಾದುದರಿಂದ ಒಂದು ಕಡೆಯ ಸಿಡಿಲಿನ ಪೆಟ್ಟು ಅದರ ಮೂಲಕ ಮತ್ತೊಂದು ಕಡೆಗೆ ದಾಟಲಾರದು. ನೂರು ಮೀಟರಿನ ಮಿತಿಯೂ ಇಲ್ಲ. ಸಿಂಗಲ್ ಮೋಡ್ ಎಂಬ ಜಾತಿಯು ಹಲವು ಕಿಲೋಮೀಟರ್ ದೂರಕ್ಕೂ ಸಾಕು. ಎರಡು ಕೊನೆಗಳಲ್ಲಿಯೂ ಬೆಳಕನ್ನು ವಿದ್ಯುತ್ತಿಗೂ ವಿದ್ಯುತ್ತನ್ನು ಬೆಳಕಿಗೂ ಮಾರ್ಪಡಿಸುವ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಪೆಟ್ಟಿಗೆಯೊಂದು ಬೇಕು. ಕೇಬಲ್ಲನ್ನು ಕೊಳ್ಳುವಾಗ ಉಕ್ಕಿನ ತಂತಿಯಾಗಲಿ ಲೋಹದ ಕವಚವಾಗಲಿ ಇಲ್ಲದುದನ್ನು ಕೇಳಿ ಪಡೆಯತಕ್ಕದ್ದು. ಕಂಬಗಳ ಮೇಲೆ ಎಳೆಯುವ ಕೇಬಲ್ಲಿಗೆ ಪಕ್ಕದಲ್ಲಿ ಉಕ್ಕಿನ ತಂತಿಯನ್ನು ಸೇರಿಸಿರುವರು. ಅದನ್ನು ಕಟ್ಟಡದೊಳಕ್ಕೆ ಒಯ್ದರೆ ಗಾಜನ್ನು ಆರಿಸಿದ ಪ್ರಯೋಜನವೇ ಕೆಡುವುದು.

ಗಾಜು ವಿದ್ಯುತ್ತನ್ನು ಒಯ್ಯದಿರುವುದು ಗುಣವಾದಂತೆಯೇ ಒಂದು ತೊಡಕೂ ಹೌದು. ಪಂಪುಮನೆಯಲ್ಲಿ ಕನ್ವರ್ಟರಿಗೂ ಕ್ಯಾಮರಾಕ್ಕೂ ಬೇರೆ ಕರೆಂಟು ಬೇಕಾಗುತ್ತದೆ. ನೀರಾವರಿ ಪಂಪಿನ ಲೈನಿನಲ್ಲಿ ಮೂರು ಫೇಸ್ ಕರೆಂಟು ದಿನದ ಕೆಲವು ಗಂಟೆಗಳು ಮಾತ್ರ ಇರುವ ಕಡೆಗಳಲ್ಲಿ, ಸಣ್ಣ ಬ್ಯಾಟರಿಯನ್ನಾಗಲಿ ಸೌರ ಫಲಕವನ್ನಾಗಲಿ ಮೊದಲೇ ಏರ್ಪಡಿಸಿಕೊಳ್ಳಬೇಕು.

ಯಾವುದನ್ನು ಆರಿಸತಕ್ಕದ್ದು

ಕಟ್ಟಡವು ಮನೆಯ ಅಂಗಳದಲ್ಲಿಯೇ ಇದ್ದು, ಮನೆಯ ಲೈನಿನಿಂದಲೇ ಕರೆಂಟು ಪಡೆದು, ಅದೇ ಅರ್ಥಿಂಗಿಗೆ ಸೇರಿದ್ದು, ದಾರಿಯು 100 ಮೀಟರಿನೊಳಗಿದ್ದರೆ, ಹೊರಾಂಗಣದ ಶುದ್ಧ ತಾಮ್ರದ ಕೇಬಲ್ಲು ಸಾಕು. ಇವುಗಳಲ್ಲಿ ಒಂದು ಸಂಗತಿಯು ತಪ್ಪಿದರೂ ಗಾಜಿನ ಎಳೆಯನ್ನೇ ಹಾಕಿಸತಕ್ಕದ್ದು. ನಡುವೆ ಮರಗಿಡಗಳಿಲ್ಲದ ಬಯಲುಗದ್ದೆಯಿದ್ದರೆ ಎರಡು ಕಡೆಯೂ ಆಂಟೆನಾ ಇಟ್ಟು ತಂತಿಯಿಲ್ಲದೆ ಸಂಪರ್ಕ ಮಾಡಬಹುದು. ಅಡಿಕೆ, ತೆಂಗು, ಬಾಳೆಗಳು ದಟ್ಟವಾಗಿರುವ ತೋಟದಲ್ಲಿ ಇದನ್ನು ನಂಬುವಂತಿಲ್ಲ. ಎಲೆಗಳಲ್ಲಿರುವ ನೀರು ಆ ಅಲೆಗಳನ್ನು ಹೀರುವುದು.

ಕಾಲುವೆ ತೋಡಿ ಹೂಳುವ ಕ್ರಮ

ಈ ಕೆಲಸದಲ್ಲಿ ಹೆಚ್ಚು ಶ್ರಮವೂ ಕೂಲಿಯೂ ತಗಲುವುದು ಕಾಲುವೆಗೆ. ಆದಕಾರಣ ಅದನ್ನು ಒಂದೇ ಸಲ ಸರಿಯಾಗಿ ಮಾಡಿ, ಕೇಬಲ್ಲನ್ನು ಬೇಕಾದಾಗ ಬದಲಾಯಿಸುವಂತೆ ಪೈಪಿನೊಳಗೆ ಇಡುವುದೇ ಬುದ್ಧಿವಂತಿಕೆ. ಮಳೆಯು ನಿಂತು ಮಣ್ಣು ಇನ್ನೂ ಮೆತ್ತಗಿರುವ ಕಾಲವು ಇದಕ್ಕೆ ಅನುಕೂಲ. ಮರಗಳ ಬುಡವನ್ನು ಬಿಟ್ಟು, ಸಾಲುಗಳ ನಡುಮಧ್ಯದಲ್ಲಿ, ಸಾಧ್ಯವಾದಲ್ಲಿ ಕಾಲುದಾರಿಯ ಅಂಚಿನಲ್ಲಿ ಎರಡರಿಂದ ಎರಡೂವರೆ ಅಡಿ ಆಳಕ್ಕೆ ತೋಡಬೇಕು. ಇದಕ್ಕಿಂತ ಮೇಲಿದ್ದರೆ ಅಗತೆಯ ಗುದ್ದಲಿಯೂ ಕಾಡುಹಂದಿಯ ಕೋರೆಯೂ ಅದನ್ನು ಮುಟ್ಟದೆ ಬಿಡವು.

ಕಾಲುವೆಯ ತಳದಿಂದ ಕಲ್ಲುಗಳನ್ನು ತೆಗೆದು ಮೂರು ಅಂಗುಲ ಮರಳನ್ನಾಗಲಿ ಜರಡಿಹಿಡಿದ ಮಣ್ಣನ್ನಾಗಲಿ ಹರಡಿ, ಅದರ ಮೇಲೆ ಒಂದು ಅಂಗುಲಕ್ಕೆ ಕಡಮೆಯಿಲ್ಲದ ಎಚ್.ಡಿ.ಪಿ.ಇ. ಪೈಪನ್ನು ಮಲಗಿಸಬೇಕು. ತಿರುವುಗಳಲ್ಲಿ ಮೊಳಕೈ ಜೋಡಣೆಯನ್ನು ಹಾಕದೆ ಪೈಪನ್ನೇ ಅಗಲವಾಗಿ ಬಾಗಿಸಬೇಕು. ಕೇಬಲ್ಲನ್ನು ಎಳೆಯುವಾಗ, ಅದರೊಡನೆ ಮುಂದಿನ ಉಪಯೋಗಕ್ಕಾಗಿ ಒಂದು ನೈಲಾನ್ ಹಗ್ಗವನ್ನೂ ಒಳಗೆ ಬಿಟ್ಟಿರಬೇಕು. ಕೇಬಲ್ಲನ್ನು ಬಲವಾಗಿ ಜಗ್ಗಬಾರದು. ತಾಮ್ರದ ಕೇಬಲ್ಲು ಸುಮಾರು 11 ಕಿಲೋಗ್ರಾಮಿನ ಎಳೆತಕ್ಕಿಂತ ಹೆಚ್ಚನ್ನು ತಾಳಲಾರದು. ನೆಲದೊಳಗೆ ಎಲ್ಲಿಯೂ ಗಂಟಿರಕೂಡದು.

ಪಂಪಿನ ವಿದ್ಯುತ್ ಕೇಬಲ್ಲನ್ನು ಇದೇ ಪೈಪಿನಲ್ಲಿ ಎಂದಿಗೂ ಸೇರಿಸಬಾರದು. ಎರಡಕ್ಕೂ ನಡುವೆ ಕಡಮೆಯೆಂದರೆ ಒಂದು ಅಡಿ ಮಣ್ಣಿರಲಿ. ಒಂದನ್ನೊಂದು ದಾಟಬೇಕಾದಲ್ಲಿ ಅಡ್ಡಲಾಗಿ, ನೇರ ಕೋನದಲ್ಲಿ ದಾಟಲಿ. ಪೈಪಿನ ಮೇಲೆ ಮತ್ತೆ ಮೂರು ಅಂಗುಲ ನಯವಾದ ಮಣ್ಣು ಹಾಕಿ, ಹಳೆಯ ಹೆಂಚನ್ನಾಗಲಿ ಇಟ್ಟಿಗೆಯನ್ನಾಗಲಿ ಹಾಸಿದರೆ ಮುಂದೆ ಅಗೆಯುವವನಿಗೆ ಎಚ್ಚರಿಕೆಯಾಗುವುದು. ಆದರೆ ಕೇಬಲ್ಲನ್ನು ಪರೀಕ್ಷಿಸಿ ನೋಡುವವರೆಗೆ ಕಾಲುವೆಯನ್ನು ಮುಚ್ಚಕೂಡದು.

ಕೊನೆಗಳ ಜೋಡಣೆ

ಗೋಡೆಯ ತೂತು ಹೊರಕ್ಕೆ ಇಳಿಜಾರಾಗಿರಬೇಕು; ಕೇಬಲ್ಲು ಅದರೊಳಗೆ ಹೋಗುವ ಮೊದಲು ಕೆಳಕ್ಕೆ ಬಾಗಿ ಮೇಲೇರಿದರೆ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುವುದು. ಪೈಪಿನ ಬಾಯಿಗಳಿಗೆ ಇಲಿ, ಹೆಗ್ಗಣಗಳು ಹೋಗದಂತೆ ತಂತಿಬಲೆಯನ್ನು ತುರುಕಿ ಮುಚ್ಚಬೇಕು. ತಾಮ್ರದ ತುದಿಗಳನ್ನು ಜೋಡಿಸುವಾಗ ಜೋಡಿಗಳ ಹೆಣಿಗೆಯನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬಾರದು. ಎರಡು ಕೊನೆಗಳಲ್ಲಿಯೂ ಬಣ್ಣಗಳ ಕ್ರಮವು ಒಂದೇ ಆಗಿರಬೇಕು. ಗಾಜಿನ ಎಳೆಯನ್ನು ಬೆಸೆಯುವುದಕ್ಕೆ ಯಂತ್ರವೂ ಅಭ್ಯಾಸವೂ ಬೇಕಾದುದರಿಂದ ಇಂಟರ್ನೆಟ್ ಸಂಪರ್ಕ ಕೊಡುವ ಕೆಲಸಗಾರರಿಂದಲೇ ಮಾಡಿಸತಕ್ಕದ್ದು. ಕತ್ತರಿಸಿದ ಗಾಜಿನ ಚೂರುಗಳು ಬರಿಗಾಲಿಗೆ ಚುಚ್ಚಿದರೆ ತೆಗೆಯುವುದು ಕಷ್ಟ. ಅವುಗಳನ್ನು ಅಂಟುಪಟ್ಟಿಗೆ ಹತ್ತಿಸಿ ಡಬ್ಬಿಯಲ್ಲಿ ಹಾಕಬೇಕು. ಎಳೆಯ ತುದಿಯನ್ನು ಕಣ್ಣಿಗೆ ನೇರವಾಗಿ ಹಿಡಿದು ನೋಡಲೇಬಾರದು. ಅದರಲ್ಲಿ ಬರುವ ಬೆಳಕು ಕಣ್ಣಿಗೆ ಕಾಣದಿದ್ದರೂ ಹಾನಿಮಾಡಬಲ್ಲದು.

ಗ್ರಾಮದ ಮುಖಂಡರು ಗಮನಿಸತಕ್ಕದ್ದು

ಕಾಲುವೆಯು ಊರಿನ ದಾರಿಯನ್ನಾಗಲಿ ಸಾರ್ವಜನಿಕ ಚರಂಡಿಯನ್ನಾಗಲಿ ದಾಟುವುದಾದರೆ ಗ್ರಾಮ ಪಂಚಾಯತಿಯ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ಅಲ್ಲಿ ಕುಡಿಯುವ ನೀರಿನ ಪೈಪುಗಳೂ ಪಂಚಾಯತಿಯ ಗಾಜಿನ ಕೇಬಲ್ಲೂ ಹೂತಿರಬಹುದು. ಒಬ್ಬರ ತೋಟದ ಅನುಕೂಲಕ್ಕಾಗಿ ಹಾಕಿದ ಒಂದು ಹಾರೆಯ ಪೆಟ್ಟು ಊರಿನ ಶಾಲೆಯ, ಪಂಚಾಯತಿ ಕಚೇರಿಯ ಸಂಪರ್ಕವನ್ನೇ ಕಡಿಯಬಹುದು. ಪ್ರತಿಯೊಬ್ಬ ಜಮೀನುದಾರರೂ ತಮ್ಮ ಕೇಬಲ್ಲಿನ ದಾರಿ, ಆಳ, ತಿರುವುಗಳನ್ನು ಒಂದು ಕಾಗದದ ಮೇಲೆ ಬರೆದು ಜಮೀನಿನ ಪತ್ರಗಳೊಡನೆ ಇಡುವುದೂ, ತಿರುವಿಗೊಂದು ಗುರುತಿನ ಕಲ್ಲನ್ನು ನೆಡುವುದೂ ಒಳ್ಳೆಯದು. ಇಂದು ತೋಡಿದ ಕಾಲುವೆಯು ಎಲ್ಲಿತ್ತೆಂಬುದು ಎರಡು ಮಳೆಗಾಲ ಕಳೆದರೆ ತೋಡಿದವನಿಗೇ ಮರೆತುಹೋಗುವುದು.

ದಾರಿಯನ್ನು ಹಗ್ಗದಿಂದ ಅಳೆದು, ಎರಡು ಕಟ್ಟಡಗಳ ಅರ್ಥಿಂಗು ಒಂದೋ ಎರಡೋ ಎಂಬುದನ್ನು ತಿಳಿದು, ಆಮೇಲೆ ಅಂಗಡಿಗೆ ಹೋಗತಕ್ಕದ್ದು. ಈ ಎರಡು ವಿಷಯಗಳನ್ನು ನಿಶ್ಚಯಿಸಿಕೊಂಡವರು ಬೇಸಿಗೆಯ ಗುಡುಗಿಗೆ ಮುಂಚೆ ಕೆಲಸವನ್ನು ಮುಗಿಸಿದರೆ, ಸಿಡಿಲಿನ ರಾತ್ರಿಗಳಲ್ಲಿ ಈ ಕೇಬಲ್ಲಿನಿಂದ ನಷ್ಟವಾದೀತೆಂಬ ಚಿಂತೆಯು ಇರಲಾರದು.