ತಾನೇ ಇಳಿಯುವ ಮೇವುಪೆಟ್ಟಿಗೆ: ಕುರಿಗೆ ಹುಲ್ಲು, ಕೋಳಿಗೆ ಕಾಳು

ಹಿಟ್ಟಿನ ಗಿರಣಿಯ ನೆತ್ತಿಯ ಮೇಲಿರುವ ತಗಡಿನ ಬಾಯಿಯನ್ನು ನೋಡದ ರೈತರಿಲ್ಲ. ಮೇಲೆ ರಾಗಿ ಸುರಿದರೆ ಕಲ್ಲಿಗೆ ಎಷ್ಟು ಬೇಕೋ ಅಷ್ಟೇ ಇಳಿಯುತ್ತದೆ. ನೂಕುವವರು ಬೇಡ, ಕಾಳಿನ ತೂಕವೇ ಕಾಳನ್ನು ಇಳಿಸುತ್ತದೆ. ಇದೇ ಉಪಾಯದಿಂದ ಸಾಕುಪ್ರಾಣಿಗಳಿಗೆ ಮೇವು ಒದಗಿಸುವ ಪೆಟ್ಟಿಗೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಹತ್ತಿಪ್ಪತ್ತು ಕುರಿಗಳನ್ನು ದೊಡ್ಡಿಯಲ್ಲೇ ಕಟ್ಟಿ ಸಾಕುವ ಯುವಕರು ಈಚೆಗೆ ಇದನ್ನು ಕುರಿತು ಕೇಳುತ್ತಿದ್ದಾರೆ. ಅವರು ಮೊಬೈಲಿನಲ್ಲಿ ನೋಡಿರುವುದು ಅಮೆರಿಕದವರು ಕಾಡಂಚಿನಲ್ಲಿ ಜಿಂಕೆಗಳಿಗಾಗಿ ನಿಲ್ಲಿಸುವ ಮುಸುಕಿನ ಜೋಳದ ಪೀಪಾಯಿಗಳನ್ನು. ಅದೇ ಪೀಪಾಯಿಯನ್ನು ಕುರಿದೊಡ್ಡಿಗೆ ತಂದು ಜೋಳ ತುಂಬಿಡಬಹುದೇ ಎಂಬುದು ಪ್ರಶ್ನೆ. ಇಡಬಾರದು. ಏಕೆಂಬುದನ್ನು ಮೊದಲು ತಿಳಿದು ಆಮೇಲೆ ಯಾವ ಪೆಟ್ಟಿಗೆ ಒಳ್ಳೆಯದೆಂದು ನೋಡೋಣ.

ಜಿಂಕೆಯ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ಆ ದೇಶದಲ್ಲಿಯೂ ಜೋಳದ ರೂಢಿಯಿಲ್ಲದ ಜಿಂಕೆಗಳು ಒಮ್ಮೆಲೇ ತಿಂದು ಹೊಟ್ಟೆ ಕೆಟ್ಟು ಸಾಯುವುದುಂಟು. ಹತ್ತಾರು ಮೂತಿಗಳು ಒಂದೇ ತೊಟ್ಟಿಗೆ ಬೀಳುವುದರಿಂದ ರೋಗ ಹರಡುತ್ತದೆಂದು ಅಲ್ಲಿನ ಹಲವು ರಾಜ್ಯಗಳು ಜಿಂಕೆಗೆ ಮೇವಿಡುವುದನ್ನು ನಿಷೇಧಿಸಿವೆ ಅಥವಾ ಮಿತಿಗೊಳಿಸಿವೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಮೇವಿನ ಆಸೆ ತೋರಿಸಿ ಕಾಡುಪ್ರಾಣಿಯನ್ನು ಸೆಳೆಯುವುದನ್ನು ಬೇಟೆಯ ಸಾಲಿಗೇ ಸೇರಿಸಿದೆ. ಮೇಲುಕೋಟೆಯ ಸುತ್ತಿನ ಕಾಡು 1974ರಿಂದ ವನ್ಯಧಾಮ. ಅದು ಆದದ್ದೇ ಮುಖ್ಯವಾಗಿ ತೋಳಗಳ ರಕ್ಷಣೆಗಾಗಿ. ಇಂಥ ಕಾಡಿನ ಅಂಚಿನ ಹೊಲದಲ್ಲಿ ಕಾಳು ಸುರಿದಿಟ್ಟರೆ ಹಂದಿ ಬರುತ್ತದೆ, ಅದರ ಹಿಂದೆ ಚಿರತೆಯೂ ಬಂದೀತು. ಆದುದರಿಂದ ಪೆಟ್ಟಿಗೆ ಏನಿದ್ದರೂ ಕೊಟ್ಟಿಗೆಯೊಳಗೆ, ಸಾಕಿದ ಪ್ರಾಣಿಗೆ ಮಾತ್ರ.

ಇನ್ನು ಕುರಿಯ ಹೊಟ್ಟೆಯ ವಿಚಾರ. ಕುರಿ, ಮೇಕೆ, ದನ, ಜಿಂಕೆ ಇವೆಲ್ಲ ಮೆಲುಕು ಹಾಕುವ ಜಾತಿ. ಇವುಗಳ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು, ನಾರಿನ ಮೇವನ್ನು ನಿಧಾನವಾಗಿ ಕೊಳೆಸಿ ಕುರಿಗೆ ಆಹಾರ ಮಾಡಿಕೊಡುತ್ತವೆ. ಹುಲ್ಲು ತಿನ್ನುವ ಕುರಿಗೆ ಒಂದು ದಿನ ಇದ್ದಕ್ಕಿದ್ದಂತೆ ಒಂದು ಸೇರು ಜೋಳವೋ ರಾಗಿಯೋ ಅನ್ನವೋ ಸಿಕ್ಕಿತೆನ್ನಿ. ಆ ಪಿಷ್ಟವೆಲ್ಲ ಬೇಗ ಹುಳಿತು ಹೊಟ್ಟೆಯಲ್ಲಿ ಆಮ್ಲ ತುಂಬುತ್ತದೆ. ನಾರು ಕರಗಿಸುವ ಜೀವಿಗಳು ಸಾಯುತ್ತವೆ. ಮೈಯ ನೀರೆಲ್ಲ ಹೊಟ್ಟೆಗೆ ಇಳಿದು ಕುರಿಯ ಕಣ್ಣು ಗುಳಿ ಬೀಳುತ್ತದೆ. ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ಭೇದಿ ಆಗುತ್ತದೆ, ಹಲ್ಲು ಕಡಿಯುತ್ತಾ ಮಲಗುತ್ತದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುವುದೂ ಉಂಟು. ಮದುವೆಮನೆ, ತಿಥಿಮನೆಯ ಮಿಕ್ಕ ಅನ್ನ ತಿಂದು ಕುರಿಗಳು ಸತ್ತ ಸುದ್ದಿ ಯಾವ ಊರಿಗೂ ಹೊಸತಲ್ಲ. ಕಾರಣ ಇದೇ. ಯಾರೋ ವಿಷ ಹಾಕಿದರೆಂದು ನೆರೆಯವರ ಮೇಲೆ ಅನುಮಾನಪಟ್ಟು ಜಗಳವಾಡುವವರು ಮೊದಲು ಹೊಟ್ಟೆಯಲ್ಲಿ ಏನಿತ್ತೆಂದು ನೋಡುವುದು ಮೇಲು.

ಇದಲ್ಲದೆ ಕರುಳುಬೇನೆ ಎಂಬುದೊಂದಿದೆ. ಕರುಳಿನಲ್ಲಿ ಮೊದಲೇ ಇರುವ ಒಂದು ರೋಗಾಣು, ಕಾಳಿನ ಮೇವು ವಿಪರೀತವಾದಾಗ ಹೆಚ್ಚಿಕೊಂಡು ವಿಷ ಬಿಡುತ್ತದೆ. ಮಂದೆಯಲ್ಲಿ ಎಲ್ಲಕ್ಕಿಂತ ಗುಂಡಗೆ ಬೆಳೆದ ಮರಿಯೇ ರಾತ್ರೋರಾತ್ರಿ ಸಾಯುತ್ತದೆ. ಯುಗಾದಿಯ ವರ್ಷತೊಡಕಿಗೋ ಬಕ್ರೀದಿಗೋ ಮಾರಬೇಕೆಂದು ಕೊಬ್ಬಿಸುವವರಿಗೆ ಇದು ದೊಡ್ಡ ಪೆಟ್ಟು. ಅದರಲ್ಲೂ ನಮ್ಮ ಜಿಲ್ಲೆಯದೇ ಆದ ಬಂಡೂರು ತಳಿಯ ಒಂದು ಒಳ್ಳೆಯ ಟಗರು ಹೋದರೆ ಹೋದದ್ದು ಒಂದು ಪ್ರಾಣಿಯಲ್ಲ, ಮನೆಯ ಅರ್ಧ ವರ್ಷದ ಲೆಕ್ಕ. ಮಳೆಗಾಲಕ್ಕೆ ಮುಂಚೆ ಪಶು ಆಸ್ಪತ್ರೆಯಲ್ಲಿ ಕರುಳುಬೇನೆಯ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ಹಾಗಾದರೆ ಕುರಿಗೆ ತಾನೇ ಇಳಿಯಬೇಕಾದ್ದು ಹುಲ್ಲು. ಹುಲ್ಲನ್ನು ನೆಲದ ಮೇಲೆ ಹರವಿದರೆ ಕುರಿ ಮೂಸಿ, ತುಳಿದು, ಮೂತ್ರ ಮಾಡಿ, ಆಮೇಲೆ ಅದನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಹಿಕ್ಕೆಯ ಜೊತೆಗೆ ಜಂತುಹುಳದ ಮೊಟ್ಟೆಗಳೂ ಹೊಟ್ಟೆ ಸೇರುತ್ತವೆ. ಇದಕ್ಕೆ ಇಳಿಜಾರು ಗೊಂತು ಮಾಡಿಕೊಳ್ಳಬೇಕು. ಹತ್ತು ಕುರಿಗೆ ಅಳತೆ ಹೇಳುತ್ತೇನೆ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಎರಡು ಚೌಕಟ್ಟುಗಳನ್ನು ಸರ್ವೆ ಗಳದಿಂದ ಕಟ್ಟಿ, ಅವುಗಳಿಗೆ ಬಿದಿರು ಅಥವಾ ಅಡಿಕೆ ದಬ್ಬೆಗಳನ್ನು ಮೇಲಿಂದ ಕೆಳಕ್ಕೆ ಮೂರು ಬೆರಳಿನ ಅಂತರದಲ್ಲಿ ಬಿಗಿಯಬೇಕು. ಎರಡು ಚೌಕಟ್ಟುಗಳನ್ನೂ ಒಂದಕ್ಕೊಂದು ಎದುರಾಗಿ ನಿಲ್ಲಿಸಿ, ಬುಡದಲ್ಲಿ ಮೂರು ಅಂಗುಲ, ತಲೆಯಲ್ಲಿ ಎರಡು ಅಡಿ ಬಿಡುವಿರುವಂತೆ ಓರೆ ಮಾಡಿ ನಾಲ್ಕು ಗೂಟಗಳಿಗೆ ಕಟ್ಟಿದರೆ ಗೊಂತು ಸಿದ್ಧ. ಎರಡೂ ಮಗ್ಗುಲಿಂದ ಕುರಿಗಳು ಎಳೆದು ತಿಂದಂತೆ ಮೇಲಿನ ಹುಲ್ಲು ತನ್ನ ಭಾರಕ್ಕೆ ತಾನೇ ಕೆಳಗೆ ಸರಿಯುತ್ತದೆ.

ದಬ್ಬೆಗಳ ಅಂತರದಲ್ಲಿ ಉದಾರತೆ ಬೇಡ. ಐದಾರು ಅಂಗುಲ ಬಿಟ್ಟರೆ ಮರಿ ತಲೆ ತೂರಿಸಿ ಸಿಕ್ಕಿಕೊಂಡು ಬೆಳಗಾಗುವುದರೊಳಗೆ ಉಸಿರು ಕಟ್ಟಿರುತ್ತದೆ. ಬಂಡೂರು ಕುರಿಯ ಕಾಲು ಗಿಡ್ಡ, ಆದುದರಿಂದ ಗೊಂತಿನ ಬುಡ ನೆಲದಿಂದ ಒಂದೂವರೆ ಅಡಿಯಲ್ಲಿದ್ದರೆ ಸಾಕು. ಅದಕ್ಕಿಂತ ಮೇಲಾದರೆ ಹೊಟ್ಟು ಧೂಳೆಲ್ಲ ಕಣ್ಣಿಗೆ ಬೀಳುತ್ತದೆ. ಗೊಂತಿನ ಕೆಳಗೆ ಒಂದೂವರೆ ಅಡಿ ಅಗಲದ, ಐದು ಅಂಗುಲ ಆಳದ ಹಲಗೆಯ ತಟ್ಟೆಯನ್ನು ನೆಲಕ್ಕೆ ತಾಗದಂತೆ ಇಡಬೇಕು. ಈ ತಟ್ಟೆ ಇಲ್ಲದ ಗೊಂತು ಅರ್ಧ ಗೊಂತು. ಹುರುಳಿ, ಅವರೆ, ಕಡಲೆಕಾಯಿ ಬಳ್ಳಿಯ ಸಾರವೆಲ್ಲ ಎಲೆಯಲ್ಲಿದೆ, ಆ ಎಲೆಯೇ ಮೊದಲು ಉದುರುವುದು. ಇಪ್ಪತ್ತೈದು ಮೂವತ್ತು ಕಿಲೋ ತೂಗುವ ಕುರಿಗೆ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು ಒಂದು ಕಿಲೋ ಮೇವು ಬೇಕು. ಮೇಲಿನ ಅಳತೆಯ ಗೊಂತು ಹತ್ತು ಕುರಿಗೆ ಒಂದು ದಿನಕ್ಕೂ ಮಿಕ್ಕು ಹಿಡಿಯುತ್ತದೆ. ಮನೆಯವರೆಲ್ಲ ನಾಟಿಗೋ ಜಾತ್ರೆಗೋ ಹೋದ ದಿನ ಇದರ ಬೆಲೆ ತಿಳಿಯುತ್ತದೆ. ನೀರಿನ ತೊಟ್ಟಿ ಮಾತ್ರ ತುಂಬಿರಬೇಕು.

ಏನು ತುಂಬಬೇಕೆಂಬುದು ನಾಲೆ ಇದೆಯೋ ಇಲ್ಲವೋ ಎಂಬುದರ ಮೇಲಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕಾಣುವ ಅರಕೆರೆ, ಚಿನಕುರಳಿ ಕಡೆ ಭತ್ತದ ಹುಲ್ಲು ಮತ್ತು ಕಬ್ಬಿನ ಸೋಗೆ ಹೇರಳ. ಆದರೆ ಬರೀ ಭತ್ತದ ಹುಲ್ಲಿನಲ್ಲಿ ಸಾರ ಕಡಮೆ. ಬದುವಿನಲ್ಲಿ ಅಗಸೆ ಗಿಡ ಬೆಳೆಸಿ ಆ ಸೊಪ್ಪನ್ನು ಜೊತೆಗೆ ಹಾಕಬೇಕು. ಸೋಗೆಯನ್ನು ಎರಡು ಅಂಗುಲಕ್ಕೆ ಕತ್ತರಿಸಿ ತಟ್ಟೆಯಲ್ಲಿ ಹಾಕುವುದೇ ಸರಿ, ಗೊಂತಿನಲ್ಲಿ ಅದು ನಿಲ್ಲುವುದಿಲ್ಲ. ಕಿಕ್ಕೇರಿ, ಬಿಂಡಿಗನವಿಲೆ ಹೋಬಳಿಗಳ ಖುಷ್ಕಿ ರೈತರು ತಮಗೆ ಮೇವಿಲ್ಲವೆಂದು ಕೊರಗುವುದುಂಟು. ನನಗೆ ಕೇಳಿದರೆ ರಾಗಿ ಹುಲ್ಲು, ಹುರುಳಿ ಹೊಟ್ಟು ಇದ್ದವರೇ ಕುರಿ ಸಾಕಲು ಹೆಚ್ಚು ಅನುಕೂಲಸ್ಥರು.

ಕಾಳು, ಹಿಂಡಿಯನ್ನು ಕುರಿಗೆ ಕೊಡಲೇಬಾರದೆಂದಲ್ಲ. ಕೈಯಿಂದ, ಅಳೆದು, ಹುಲ್ಲು ತಿಂದ ಮೇಲೆ ಕೊಡಬೇಕು. ಹತ್ತು ಕಿಲೋ ಮಿಶ್ರಣಕ್ಕೆ ಜೋಳದ ನುಚ್ಚು 4 ಕಿಲೋ, ಕಡಲೆಕಾಯಿ ಹಿಂಡಿ 3 ಕಿಲೋ, ಗೋಧಿ ಬೂಸ 2 ಕಿಲೋ 700 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಖನಿಜ ಮಿಶ್ರಣ ಕುರಿಗೆಂದೇ ಮಾಡಿದ್ದಾಗಿರಲಿ. ದನಗಳದ್ದರಲ್ಲಿ ತಾಮ್ರ ಹೆಚ್ಚಿರುತ್ತದೆ, ಕುರಿಗೆ ತಾಮ್ರ ವಿಷ. ಮೊದಲ ವಾರ ದಿನಕ್ಕೆ 50 ಗ್ರಾಂನಿಂದ ಆರಂಭಿಸಿ ಎರಡು ವಾರದಲ್ಲಿ 200ರಿಂದ 250 ಗ್ರಾಂವರೆಗೆ ಏರಿಸಿ, ಬೆಳಿಗ್ಗೆ ಸಂಜೆ ಎರಡು ಪಾಲು ಮಾಡಿ ಕೊಟ್ಟರೆ ಭಯವಿಲ್ಲ. ಕುರಿ ಕಾಳಿನ ಮೂಟೆಗೆ ಬಾಯಿ ಹಾಕಿದ್ದು ಕಂಡರೆ ಕೂಡಲೇ ಬಿಡಿಸಿ, ಒಣಹುಲ್ಲು ಮಾತ್ರ ಮುಂದಿಟ್ಟು, ಇಪ್ಪತ್ತು ಕಿಲೋ ತೂಕದ ಪ್ರಾಣಿಗೆ 20 ಗ್ರಾಂ ಅಡುಗೆ ಸೋಡವನ್ನು ನೀರಿನಲ್ಲಿ ಕರಗಿಸಿ ಬಾಯಿಯ ಪಕ್ಕದಿಂದ ನಿಧಾನವಾಗಿ ಕುಡಿಸಿ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಾನು ಕೃಷಿ ಓದಿದವನು, ಪಶುವೈದ್ಯನಲ್ಲ. ಸೋಡ ಕುಡಿಸಿ ಮನೆಯಲ್ಲೇ ಕೂರಿರೆಂದು ಹೇಳಲಾರೆ.

ಕಾಳಿನ ಪೆಟ್ಟಿಗೆ ನಿಜವಾಗಿ ಒಪ್ಪುವುದು ಕೋಳಿಗೆ. ಕೋಳಿ ಮೆಲುಕು ಹಾಕುವುದಿಲ್ಲ, ಹೊಟ್ಟೆ ತುಂಬಿದ ಮೇಲೆ ನಿಲ್ಲಿಸುತ್ತದೆ. ನಾಲ್ಕು ಅಂಗುಲದ ಪಿ.ವಿ.ಸಿ. ಕೊಳವೆ ನಾಲ್ಕು ಅಡಿ ತಂದು, ಬುಡಕ್ಕೆ ಒಂದು ಬಾಗು ಜೋಡಿಸಿ, ಗೋಡೆಗೆ ನೇರವಾಗಿ ಕಟ್ಟಿದರಾಯಿತು. ಬಾಗಿನ ಬಾಯಿ ಕೋಳಿಯ ಬೆನ್ನಿನ ಮಟ್ಟಕ್ಕಿರಲಿ, ಬಾಯಿಯ ಕೆಳತುಟಿಗೆ ಎರಡು ಅಂಗುಲದ ತಡೆ ಇರಲಿ. ಇಲ್ಲದಿದ್ದರೆ ಕೆದಕಿ ಚೆಲ್ಲುತ್ತದೆ. ಇದರಲ್ಲಿ ಐದು ಕಿಲೋದಷ್ಟು ಆಹಾರ ಹಿಡಿಯುತ್ತದೆ. ಒಂದು ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುವುದರಿಂದ ಹತ್ತು ಕೋಳಿಗೆ ನಾಲ್ಕು ದಿನ ಬರುತ್ತದೆ. ಹಗಲು ಹೊರಗೆ ಮೇಯುವ ನಾಟಿ ಕೋಳಿಗೆ ಇನ್ನೂ ಹೆಚ್ಚು ದಿನ. ಹಳೆಯ ಎಣ್ಣೆ ಡಬ್ಬದಲ್ಲೂ ಮಾಡಬಹುದು: ಬುಡದ ಅಂಚಿನಲ್ಲಿ ಸುತ್ತ ಎರಡೆರಡು ಅಂಗುಲದ ಕಿಂಡಿ ಕತ್ತರಿಸಿ, ಚೂಪು ಅಂಚುಗಳನ್ನು ಒಳಕ್ಕೆ ಮಡಿಸಿ, ಒಂದು ಅಗಲವಾದ ಬಾಣಲೆಯಲ್ಲಿ ಕೂರಿಸಿದರೆ ಸಾಕು.

ಮಳೆಗಾಲದಲ್ಲಿ ತೌಡು, ಬೂಸ ತೇವ ಹೀರಿ ಕೊಳವೆಯ ನಡುವೆ ಕಟ್ಟಿಕೊಳ್ಳುತ್ತದೆ. ಮೇಲೆ ತುಂಬಿದಂತೆ ಕಾಣುತ್ತದೆ, ಕೆಳಗೆ ಕೋಳಿ ಹಸಿದಿರುತ್ತದೆ. ದಿನಕ್ಕೊಮ್ಮೆ ಕೊಳವೆಯನ್ನು ತಟ್ಟಿ ನೋಡಬೇಕು. ವಾರಕ್ಕೊಮ್ಮೆ ಪೂರ್ತಿ ಬರಿದು ಮಾಡಿ ಬಿಸಿಲಿಗೆ ಒಣಗಿಸಬೇಕು. ಬೂಷ್ಟು ಹಿಡಿದ ಜೋಳ, ಹಿಂಡಿಯನ್ನು ಕೋಳಿಗೂ ಹಾಕಬಾರದು, ಕುರಿಗೂ ಹಾಕಬಾರದು, ತಿಪ್ಪೆಗೆ ಹಾಕಿ ಮೇಲೆ ಮಣ್ಣು ಮುಚ್ಚಬೇಕು. ಕೊಳವೆಯ ತಲೆಗೆ ಬಿಗಿಯಾದ ಮುಚ್ಚಳವಿಲ್ಲದಿದ್ದರೆ ರಾತ್ರಿ ಇಲಿಗಳು ಬರುತ್ತವೆ, ಅವುಗಳ ಬೆನ್ನಿಗೆ ಹಾವು. ಕುರಿ, ಕೋಳಿ ಒಂದೇ ಕೊಟ್ಟಿಗೆಯಲ್ಲಿದ್ದರೆ ಕೋಳಿಯ ಕೊಳವೆಗೆ ಕುರಿಯ ಮೂತಿ ಎಟುಕದಂತೆ ಒಂದು ತಡಿಕೆ ಅಡ್ಡ ಕಟ್ಟುವುದನ್ನು ಮರೆಯಬಾರದು.