ಅರಿಶಿನ ಮುಟ್ಟದ ಗಾಯ

ದಸರೆಗೆ ಆಂಧ್ರದ ಕರ್ನೂಲು ಜಿಲ್ಲೆಯ ಮದ್ದಿಕೇರದಲ್ಲಿ ಯಾದವ ಪಾಳೆಯಗಾರರ ವಂಶದವರು ಕುದುರೆ ಓಡಿಸುತ್ತಾರೆ. ವಿಜಯದಶಮಿಯ ರಾತ್ರಿ ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ಬನ್ನಿ ಉತ್ಸವ. ಮಾಳ ಮಲ್ಲೇಶ್ವರನ ಕಲ್ಯಾಣವಾದ ಮೇಲೆ ಉತ್ಸವಮೂರ್ತಿಗಳಿಗಾಗಿ ಊರೂರಿನವರು ಬಡಿಗೆ ಹಿಡಿದು ಎದುರುಬದುರಾಗುತ್ತಾರೆ. ತಲೆ ಒಡೆದವರಲ್ಲಿ ಕೆಲವರು ಗಾಯಕ್ಕೆ ಭಂಡಾರದ ಅರಿಶಿನ ಮೆತ್ತಿಕೊಂಡು ಮತ್ತೆ ಗುಂಪಿಗೆ ನುಗ್ಗುತ್ತಾರೆ.

ರಕ್ತ ಬಂದವನಿಗೆ ಭಂಡಾರವಾದರೂ ಉಂಟು, ಹೊಲಿಗೆಯಾದರೂ ಬೀಳುತ್ತದೆ. ಚರ್ಮ ಹರಿಯದೆ, ಗಳಿಗೆ ಹೊತ್ತು ಕಣ್ಣು ಕತ್ತಲೆಯಾಗಿ ಎದ್ದು ನಿಂತವನನ್ನು ಕೇಳುವವರೇ ಇಲ್ಲ. ಈ ಅಧ್ಯಾಯ ಅವನದು.

ಮೊಸರಿನ ಗಡಿಗೆಯನ್ನು ಗಕ್ಕನೆ ತಿರುಗಿಸಿ ನಿಲ್ಲಿಸಿ ನೋಡಿ. ಗಡಿಗೆ ನಿಂತರೂ ಒಳಗಿನ ಮೊಸರು ನಿಲ್ಲದು. ತಲೆಬುರುಡೆಯೊಳಗೆ ಮಿದುಳೂ ಹಾಗೆಯೇ ತಿರುಚಿಕೊಂಡು, ನರತಂತುಗಳು ಜಗ್ಗುತ್ತವೆ. ಜೀವಕೋಶದ ಪೊಟ್ಯಾಸಿಯಂ ಹೊರಗೆ ಸೋರಿ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಸರಿಪಡಿಸಲು ಸಕ್ಕರೆ ಹೆಚ್ಚು ಬೇಕು. ಆಗಲೇ ರಕ್ತದ ಹರಿವು ತಗ್ಗಿರುತ್ತದೆ. ಅಂಗಡಿ ತುಂಬ ಗಿರಾಕಿ, ಗಲ್ಲಾದಲ್ಲಿ ಚಿಲ್ಲರೆ ಇಲ್ಲ. ಸಿ.ಟಿ. ಸ್ಕ್ಯಾನ್ ರಕ್ತಸ್ರಾವ, ಮೂಳೆಯ ಬಿರುಕು ತೋರಿಸೀತು, ಈ ಕೊರತೆಯನ್ನು ತೋರಿಸದು. ಅದಕ್ಕೇ 'ರಿಪೋರ್ಟ್ ನಾರ್ಮಲ್'.

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ತೂಕ ಬರೆಯುವ ಒಬ್ಬ ಗುಮಾಸ್ತನನ್ನು ಊಹಿಸಿಕೊಳ್ಳಿ. ಬೈಕಿನಿಂದ ಬಿದ್ದು ನಾಲ್ಕನೇ ದಿನ ಕೆಲಸಕ್ಕೆ ಬಂದಿದ್ದಾನೆ. ತಕ್ಕಡಿಯವ ಕೂಗಿದ ಅಂಕಿ ಕಿವಿಗೆ ಬಿದ್ದು ಪೆನ್ನಿಗಿಳಿಯುವಷ್ಟರಲ್ಲಿ ಮಾಯ. ಹಮಾಲರ ಗದ್ದಲ ತಲೆಗೆ ಹೊಡೆದಂತಾಗುತ್ತದೆ. "ತಲಿ ಗುಂ ಅಂತೈತಿ" ಎಂದರೆ ಸೋಮಾರಿ ಎನ್ನುತ್ತಾರೆ. ಅವನ ಹಳೆಯ ನೆನಪಿಗೇನೂ ಆಗಿಲ್ಲ. ಗಮನ ಜಾರುತ್ತಿದೆ, ಹಾಗಾಗಿ ಹೊಸದು ಒಳಗೆ ಇಳಿಯುತ್ತಿಲ್ಲ.

ಹೆಚ್ಚಿನವರು ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಕತ್ತಲ ಕೋಣೆಯಲ್ಲಿ ಹದಿನೈದು ದಿನ ಮಲಗಿಸುವ ಹಳೆಯ ಪದ್ಧತಿಯನ್ನು ವೈದ್ಯರೀಗ ಒಪ್ಪುವುದಿಲ್ಲ. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಪರದೆ ಕಡಿಮೆ. ಆಮೇಲೆ ಮೆಲ್ಲಗೆ ನಡಿಗೆ, ಅರ್ಧ ದಿನದ ಕೆಲಸ. ತಲೆನೋವು ಜೋರಾದರೆ ಒಂದು ಮೆಟ್ಟಿಲು ಹಿಂದಕ್ಕೆ. ನಿದ್ದೆ ಕೆಡಿಸಿಕೊಳ್ಳಬಾರದು. ಕುಡಿತ ಬೇಡವೇ ಬೇಡ. ಹಬ್ಬದ ಮಾರನೆಯ ದಿನ ಇದನ್ನು ಹೇಳುವುದೇ ಕಷ್ಟ. ಗುಮಾಸ್ತ ಅಂಕಿಯನ್ನು ಒಮ್ಮೆ ಬಾಯಲ್ಲಿ ಹೇಳಿ ಬರೆಯಲಿ, ಗದ್ದಲವಿಲ್ಲದ ಮೂಲೆಯಲ್ಲಿ ಕೂರಲಿ. ಮೂರು ತಿಂಗಳಾದರೂ ಮರೆವು ಬಿಡದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಗಮನ, ನೆನಪುಗಳನ್ನು ಅಳೆದು ತರಬೇತಿ ಕೊಡುವವರಿದ್ದಾರೆ.

ಕಾಯಲೇಬಾರದ ಲಕ್ಷಣಗಳೂ ಇವೆ: ಮೇಲಿಂದ ಮೇಲೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲು ಸೋಲುವುದು, ಮೂಗು ಕಿವಿಯಿಂದ ನೀರಿನಂಥ ದ್ರವ. ಕೂಡಲೇ ಆಸ್ಪತ್ರೆಗೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಏನೂ ಅನಿಸದಿದ್ದರೂ ತೋರಿಸಿಕೊಳ್ಳಬೇಕು. ವಯಸ್ಸಾದವರಲ್ಲಿ ಒಳಗಿನ ರಕ್ತಸ್ರಾವ ವಾರಗಳ ನಂತರವೂ ತಲೆ ಎತ್ತಬಹುದು.

ನಮ್ಮ ಸಿನಿಮಾಗಳಲ್ಲಿ ಮೊದಲ ಪೆಟ್ಟಿಗೆ ಹೋದ ನೆನಪು ಎರಡನೇ ಪೆಟ್ಟಿಗೆ ಮರಳುತ್ತದೆ. ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ಒಳಗಿನ ಕೊರತೆ ತುಂಬುವ ಮುನ್ನ ಬೀಳುವ ಎರಡನೇ ಪೆಟ್ಟು ಚೇತರಿಕೆಯನ್ನು ಉದ್ದವಾಗಿ ಎಳೆಯುತ್ತದೆ. ಅಪರೂಪಕ್ಕೆ, ಅದರಲ್ಲೂ ಎಳೆಯರಲ್ಲಿ, ಮಿದುಳು ಊದಿ ಜೀವವನ್ನೇ ತೆಗೆದೀತು. ಕುದುರೆಯಿಂದ ಬಿದ್ದ ಹುಡುಗ "ನಂಗೇನ್ ಆಗಿಲ್ಲ" ಎಂದು ಮತ್ತೆ ಲಗಾಮಿಗೆ ಕೈ ಹಾಕಿದರೆ, ಅವತ್ತಿನ ಮಟ್ಟಿಗೆ ಕುದುರೆಯನ್ನು ಬೇರೆ ಯಾರಾದರೂ ಮನೆಗೆ ಹೊಡೆದುಕೊಂಡು ಹೋಗಲಿ.